ಶರಾವತಿಯ ನಾಲ್ಕು ಚೀಟಿ

ಸಾಗರ ತಾಲ್ಲೂಕಿನ ಒಂದು ಸರ್ಕಾರಿ ಶಾಲೆಯಲ್ಲಿ ನಾನು ಆರನೇ ತರಗತಿಗೆ ಪಾಠ ಮಾಡುತ್ತೇನೆ. ಬಿಸಿಯೂಟದ ಸಾಲು ನೋಡಿದರೆ ಸಾಕು, ಯಾರು ಯಾವ ಕಡೆಯವರು ಅಂತ ಗೊತ್ತಾಗುತ್ತಿತ್ತು. ತಾಂಡಾದ ಮಕ್ಕಳು ಒಂದು ಕಡೆ, ಊರೊಳಗಿನವರು ಇನ್ನೊಂದು ಕಡೆ, ಮನೆಯಲ್ಲಿ ಉರ್ದು ಮಾತಾಡುವವರು ಗೋಡೆ ಪಕ್ಕ. ಅಡಿಕೆ ಕೊಯ್ಲಿಗೆ ಬಯಲುಸೀಮೆಯಿಂದ ಬಂದವರ ಮಕ್ಕಳು ಎಲ್ಲರಿಗಿಂತ ಕೊನೆಗೆ. ಜಗಳವೇನೂ ಇರಲಿಲ್ಲ. ಆದರೆ ಮಾತೂ ಇರಲಿಲ್ಲ.

"ನಾವೆಲ್ಲ ಒಂದೇ" ಅಂತ ಪ್ರಾರ್ಥನೆ ಹೊತ್ತಲ್ಲಿ ಎಷ್ಟು ಸಲ ಹೇಳಿದ್ದೇನೋ. ತಲೆಯಾಡಿಸಿ, ಮಧ್ಯಾಹ್ನ ಮತ್ತೆ ಅದೇ ಸಾಲಿಗೆ ಹೋಗುತ್ತಿದ್ದರು. ಜಾಗ ಬದಲಿಸಿ ಕೂರಿಸಿದೆ. ನಾನು ಆಚೆ ಹೋದ ಕೂಡಲೇ ಎದ್ದು ಹೋದರು.

ಆಮೇಲೆ ಜಿಗ್ಸಾ ವಿಧಾನ ಹಿಡಿದೆ. ಅಮೆರಿಕದ ಆಸ್ಟಿನ್ ಊರಲ್ಲಿ ಕಪ್ಪು ಜನರ ಮಕ್ಕಳೂ ಬಿಳಿಯರ ಮಕ್ಕಳೂ ಒಂದೇ ಶಾಲೆಗೆ ಬರತೊಡಗಿ ಹೊಡೆದಾಟ ಜಾಸ್ತಿಯಾಗಿತ್ತು. ಆಗ, 1971ರಲ್ಲಿ, ಎಲಿಯಟ್ ಆರನ್ಸನ್ ಎಂಬ ಮನಶ್ಶಾಸ್ತ್ರಜ್ಞರು ಇದನ್ನು ಶುರು ಮಾಡಿದರು. ಪಾಠವನ್ನು ತುಂಡು ಮಾಡಿ ಒಬ್ಬೊಬ್ಬರಿಗೆ ಒಂದೊಂದು ಕೊಡಬೇಕು. ಪಕ್ಕದವರು ಹೇಳಿಕೊಡದಿದ್ದರೆ ಯಾರಿಗೂ ಪಾಠ ಪೂರ್ತಿಯಾಗುವುದಿಲ್ಲ.

ನಾನು ಶರಾವತಿಯನ್ನೇ ಆರಿಸಿಕೊಂಡೆ. ಒಂದು ಚೀಟಿಯಲ್ಲಿ ನದಿ ಹುಟ್ಟುವ ಅಂಬುತೀರ್ಥ, ಒಂದರಲ್ಲಿ 1964ರ ಲಿಂಗನಮಕ್ಕಿ ಅಣೆಕಟ್ಟು, ಒಂದರಲ್ಲಿ 253 ಮೀಟರ್ ಧುಮುಕುವ ಜೋಗ, ಇನ್ನೊಂದರಲ್ಲಿ ಹೊನ್ನಾವರದ ಕಡಲು. ಪ್ರತಿ ಗುಂಪಿನಲ್ಲೂ ನಾಲ್ಕು ಕಡೆಯ ನಾಲ್ಕು ಮಕ್ಕಳು.

ಮೊದಲ ದಿನವೇ ಕೆಟ್ಟಿತು. ತಾಂಡಾದ ಹುಡುಗಿಯೊಬ್ಬಳು ತಡವರಿಸಿದಳು. ಪಕ್ಕದ ಹುಡುಗ ಚೀಟಿ ಕಿತ್ತುಕೊಂಡು ತಾನೇ ಓದಿಬಿಟ್ಟ. ಅವಳ ಮುಖ ಈಗಲೂ ಕಣ್ಣಮುಂದಿದೆ. ತಪ್ಪು ನನ್ನದು. ಒಂದೇ ಚೀಟಿ ಸಿಕ್ಕವರೆಲ್ಲ ಮೊದಲು ಒಟ್ಟಿಗೆ ಕೂತು, ಓದಿ, ಹೇಳಿ ನೋಡಿಕೊಳ್ಳಬೇಕು. ಆಮೇಲೆ ಗುಂಪಿಗೆ ಹೋಗಬೇಕು. ಅದನ್ನೇ ನಾನು ಬಿಟ್ಟಿದ್ದೆ. ಮರುವಾರ ಹಾಗೇ ಮಾಡಿಸಿದೆ. ಮನೆಮಾತಲ್ಲಿ ಹೇಳಿಕೊಂಡರೂ ಪರವಾಗಿಲ್ಲ ಅಂದೆ. ಗುಂಪಿಗೆ ಹೋಗುವ ಮೊದಲು ಚೀಟಿ ವಾಪಸ್ ತೆಗೆದುಕೊಂಡೆ. ಕೈಯಲ್ಲಿ ಇಲ್ಲದ್ದನ್ನು ಕಿತ್ತುಕೊಳ್ಳೋಕೆ ಆಗಲ್ಲ ಅಲ್ವಾ?

ಈ ಸಲ ಅವಳಿಗೆ ಲಿಂಗನಮಕ್ಕಿ ಬಂದಿತ್ತು. ನಿಧಾನಕ್ಕೆ ಹೇಳಿ ಮುಗಿಸಿ, "ನೀರು ಬಂದಾಗ ಅಲ್ಲಿದ್ದೋರು ಎಲ್ಲಿಗೆ ಹೋದ್ರು?" ಅಂತ ತಾನೇ ಕೇಳಿದಳು. ಅದೇ ಹುಡುಗ ತಲೆಯೆತ್ತಿದ. "ನಮ್ಮಜ್ಜ ಅಲ್ಲಿಯವರೇ. ಆಗ ಸಣ್ಣವರಂತೆ. ಮನೆ, ತೋಟ ಎಲ್ಲ ಮುಳುಗಿತಂತೆ." ಬೆಲ್ ಹೊಡೆದರೂ ಆ ಗುಂಪು ಏಳಲಿಲ್ಲ.

ಈಗ ಆರು ವಾರಕ್ಕೊಮ್ಮೆ ಗುಂಪು ಬದಲಿಸುತ್ತೇನೆ. ಊಟದ ಸಾಲು ಇನ್ನೂ ಪೂರ್ತಿ ಬೆರೆತಿಲ್ಲ. ಕೊಯ್ಲಿಗೆ ಬಂದವರ ಮಕ್ಕಳು ಹೊಂದಿಕೊಳ್ಳುವಷ್ಟರಲ್ಲಿ ಊರಿಗೆ ಹೊರಟುಬಿಡುತ್ತಾರೆ, ಅದು ನನಗೆ ದೊಡ್ಡ ಸಂಕಟ.

ಕಳೆದ ತಿಂಗಳು ಆ ಹುಡುಗಿ ಎರಡು ದಿನ ಬರಲಿಲ್ಲ. ಮೂರನೇ ದಿನ ಬೆಳಗ್ಗೆ ಆ ಹುಡುಗ ಇನ್ನಿಬ್ಬರನ್ನು ಕರೆದುಕೊಂಡು ತಾಂಡಾಕ್ಕೇ ಹೋಗಿ ಬಂದಿದ್ದ.

"ಜ್ವರ ಟೀಚರ್. ಅವಳ ಚೀಟಿ ಸೋಮವಾರಕ್ಕೆ ಇಡಿ."