ಬೆಳಗಿನ ಪ್ರಾರ್ಥನೆಯಲ್ಲಿ ಯಾರ ಹೆಸರು?

ಗಂಟೆ ಹೊಡೆಯಲು ಎರಡು ನಿಮಿಷ ಬಾಕಿ ಇತ್ತು. ಎಂಟನೇ ತರಗತಿಯ ಹುಡುಗನೊಬ್ಬ ಸ್ಟಾಫ್ ರೂಮಿನ ಬಾಗಿಲಲ್ಲಿ ಬಂದು ನಿಂತ. “ಮಿಸ್, ಇವತ್ತು ಪ್ರಾರ್ಥನೆಯಲ್ಲಿ ನಮ್ಮ ಅಜ್ಜಿ ಹೆಸರು ಹೇಳ್ತೀರಾ? ಅವರಿಗೆ ಆಪರೇಷನ್ ಇದೆ.”

ನನ್ನ ಕೈಯಲ್ಲಿ ಅವತ್ತಿನ ಪ್ರಾರ್ಥನೆಯ ಹಾಳೆ ಇತ್ತು. ಲೋಕದ ಶಾಂತಿಗಾಗಿ, ನಾಯಕರಿಗಾಗಿ, ರೋಗಿಗಳಿಗಾಗಿ ಅಂತ ಸಾಲುಗಳಿದ್ದವು. ಎಲ್ಲವೂ ಸರಿಯಾದ ಸಾಲುಗಳೇ. ಆದರೆ ಆ ಅಜ್ಜಿಗೆ ಅದರಲ್ಲಿ ಜಾಗ ಇರಲಿಲ್ಲ. “ಹೇಳ್ತೀನಿ” ಅಂದೆ. ಮೈಕಿನಲ್ಲಿ ಆ ಹೆಸರು ಹೇಳಿದೆ. ಅಲ್ಲಿಯವರೆಗೆ ಕಾಲು ಬದಲಿಸುತ್ತಾ, ಪಕ್ಕದವರ ಕಿವಿಯಲ್ಲಿ ಏನೋ ಪಿಸುಗುಡುತ್ತಾ ನಿಂತಿದ್ದ ಮಕ್ಕಳು ತಲೆ ಎತ್ತಿದರು. ಆ ಹುಡುಗನ ತರಗತಿ ಪೂರ್ತಿ ಅವನ ಕಡೆ ತಿರುಗಿತು. ಮೂರು ದಿನ ಮಕ್ಕಳು ನನ್ನನ್ನು ಕೇಳುತ್ತಲೇ ಇದ್ದರು, “ಅವನ ಅಜ್ಜಿ ಹೇಗಿದ್ದಾರೆ ಮಿಸ್?”

ನಾನು ಕಥೋಲಿಕ ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಶಾಲೆಯ ಪ್ರಾರ್ಥನೆ, ಬಲಿಪೂಜೆಯ (ಮಾಸ್) ತಯಾರಿ, ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದ ಕಾರ್ಯಕ್ರಮ ಇವುಗಳ ಹೊಣೆ 11 ವರ್ಷಗಳಿಂದ ನನ್ನ ಮೇಲಿದೆ. ಮೊದಲ ಎರಡು ವರ್ಷ ನಾನು ಎಲ್ಲವನ್ನೂ ಚೆನ್ನಾಗಿ ನಡೆಸಿದೆ, ಆದರೆ ಒಬ್ಬಳೇ ನಡೆಸಿದೆ. ಪ್ರಾರ್ಥನೆ ನಾನೇ ಬರೆಯುತ್ತಿದ್ದೆ, ನಾನೇ ಓದುತ್ತಿದ್ದೆ. ಆ ಅಜ್ಜಿಯ ಹೆಸರು ಬಂದ ಮೇಲೆ ನನಗೊಂದು ಗೊತ್ತಾಯಿತು. ಈ ಕಟ್ಟಡದೊಳಗಿನ ಜನರ ನಿಜವಾದ ಕಷ್ಟಸುಖ ಬರದೇ ಇದ್ದರೆ ಮಕ್ಕಳಿಗೆ ಪ್ರಾರ್ಥನೆ ಅಂದರೆ ಹಾಜರಿಯ ಇನ್ನೊಂದು ರೂಪ, ಅಷ್ಟೇ.

ಹಾಗಾಗಿ ಪ್ರಾರ್ಥನಾಲಯದ ಬಾಗಿಲ ಬಳಿ ಒಂದು ದಪ್ಪ ನೋಟ್‌ಪುಸ್ತಕ ಇಟ್ಟೆ. ಪೆನ್ನಿಗೆ ದಾರ ಕಟ್ಟಿದೆ, ಇಲ್ಲದಿದ್ದರೆ ಎರಡನೇ ದಿನಕ್ಕೆ ಪೆನ್ನು ಇರುವುದಿಲ್ಲ. ಯಾರು ಬೇಕಾದರೂ ಬರೆಯಬಹುದು. ಬರೆದವರ ಹೆಸರು ಬೇಕಿಲ್ಲ. ಎಲ್ಲರ ಮುಂದೆ ಓದುವುದು ಬೇಡ ಅನ್ನಿಸಿದರೆ ಪುಟ ಮಡಚಿಡಬೇಕು. ಮಡಚಿದ ಪುಟವನ್ನು ಮೈಕಿನಲ್ಲಿ ಓದುವುದಿಲ್ಲ, ನಾನು ಒಬ್ಬಳೇ ನೋಡುತ್ತೇನೆ.

ಮೊದಲ ವಾರ ಪರೀಕ್ಷೆ, ಕ್ರಿಕೆಟ್ ಮ್ಯಾಚ್, ಒಂದು ನಾಯಿಮರಿ. ಎಲ್ಲವನ್ನೂ ಓದಿದೆವು. ನಾಯಿಮರಿಯದನ್ನೂ ಓದಿದೆವು. ಚಿಕ್ಕದು ಅಂತ ಒಂದನ್ನು ಬಿಟ್ಟರೆ ದೊಡ್ಡದನ್ನು ಯಾರೂ ಬರೆಯುವುದಿಲ್ಲ ಅಂತ ನನಗೆ ಅನ್ನಿಸಿತ್ತು. ಅದು ನಿಜವಾಯಿತು. ಮೂರನೇ ವಾರದಿಂದ ಬೇರೆ ಮಾತುಗಳು ಬರತೊಡಗಿದವು. ಅಪ್ಪನ ಕೆಲಸ ಹೋಗಿದೆ. ಅಮ್ಮ ಮಾತಾಡುತ್ತಿಲ್ಲ. ನನಗೆ ದೇವರ ಮೇಲೆ ನಂಬಿಕೆ ಬರುತ್ತಿಲ್ಲ, ನನಗಾಗಿ ಯಾರಾದರೂ ಪ್ರಾರ್ಥಿಸಿ. ಈ ಕೊನೆಯದನ್ನು ಬರೆದವರು ಯಾರೋ ನನಗೆ ಇವತ್ತಿಗೂ ಗೊತ್ತಿಲ್ಲ. ಅವತ್ತು ಅದನ್ನು ಓದಿದ ಹತ್ತನೇ ತರಗತಿಯ ಹುಡುಗಿ ಮಧ್ಯದಲ್ಲಿ ನಿಂತು, ಉಸಿರು ತೆಗೆದುಕೊಂಡು ಮುಂದುವರಿಸಿದಳು.

ಮಡಚಿದ ಪುಟಗಳ ವಿಷಯ ಸ್ವಲ್ಪ ಹೆಚ್ಚು ಹೇಳಬೇಕು. ಇಂಥದ್ದೊಂದನ್ನು ಶುರು ಮಾಡುವವರು ಮೊದಲು ಯೋಚಿಸಬೇಕಾದದ್ದು ಇದೇ. ಒಂದು ದಿನ ಒಂದು ಪುಟದಲ್ಲಿ “ಮನೆಗೆ ಹೋಗಲು ಭಯ” ಅಂತ ಇತ್ತು. ಅಷ್ಟೇ ಮಾತು. ಅದನ್ನು ಪ್ರಾರ್ಥಿಸಿ ಸುಮ್ಮನಾಗುವುದು ಪಾಪ. ಅಕ್ಷರ ನನಗೆ ಪರಿಚಯವಿತ್ತು, ದಿನಾ ಲೆಕ್ಕದ ಪುಸ್ತಕದಲ್ಲಿ ನೋಡುವ ಅಕ್ಷರ. ಮುಖ್ಯೋಪಾಧ್ಯಾಯಿನಿ ಸಿಸ್ಟರ್ ಹತ್ತಿರ ಅವತ್ತೇ ಹೋದೆ. ಮಕ್ಕಳ ರಕ್ಷಣೆಗೆ ಇರುವ ನಿಯಮದ ಪ್ರಕಾರ ಮುಂದಿನದು ನಡೆಯಿತು. ಅದರ ಬಗ್ಗೆ ಇಲ್ಲಿ ಹೆಚ್ಚು ಬರೆಯುವ ಹಕ್ಕು ನನಗಿಲ್ಲ.

ಆಮೇಲೆ ನೋಟ್‌ಪುಸ್ತಕದ ಮೊದಲ ಪುಟದಲ್ಲಿ ದೊಡ್ಡ ಅಕ್ಷರದಲ್ಲಿ ಬರೆದೆ: “ನಿನಗೆ ಯಾರಾದರೂ ನೋವು ಮಾಡುತ್ತಿದ್ದರೆ, ಅದನ್ನು ನಾನು ಗುಟ್ಟಾಗಿ ಇಡುವುದಿಲ್ಲ. ನಿನ್ನನ್ನು ಕಾಪಾಡುವವರಿಗೆ ಹೇಳುತ್ತೇನೆ.” ಪಾಪನಿವೇದನೆಯಲ್ಲಿ, ಅಂದರೆ ತಪ್ಪುಗಳನ್ನು ಒಪ್ಪಿಕೊಂಡು ಕ್ಷಮೆ ಕೇಳುವಾಗ, ಕೇಳಿದ್ದನ್ನು ಗುರುಗಳು (ಪಾದ್ರಿಗಳು) ಎಂದೂ ಯಾರಿಗೂ ಹೇಳುವಂತಿಲ್ಲ. ಆದರೆ ನೋಟ್‌ಪುಸ್ತಕ ಪಾಪನಿವೇದನೆ ಅಲ್ಲ, ನಾನು ಗುರುವೂ ಅಲ್ಲ. ಈ ವ್ಯತ್ಯಾಸ ಮಕ್ಕಳಿಗೆ ಮೊದಲೇ ಗೊತ್ತಿರಬೇಕು. ಹೀಗೆ ಬರೆದ ಮೇಲೆ ಮಡಚಿದ ಪುಟ ಕಮ್ಮಿ ಆಗಬಹುದು ಅಂದುಕೊಂಡೆ. ಜಾಸ್ತಿಯೇ ಆಯಿತು.

ಬೆಳಗಿನ ಪ್ರಾರ್ಥನೆ ನಮ್ಮಲ್ಲಿ ಈಗ ಮೂರೇ ನಿಮಿಷ. ಶುಭಸಂದೇಶದ (ಬೈಬಲ್ಲಿನ ಸುವಾರ್ತೆಯ) ಒಂದೆರಡು ವಾಕ್ಯ, ನೋಟ್‌ಪುಸ್ತಕದ ನಾಲ್ಕೈದು ಕೋರಿಕೆ, ಪ್ರತಿ ಕೋರಿಕೆಯ ನಂತರ ಹತ್ತು ಸೆಕೆಂಡ್ ಮೌನ. ಓದುವವರು ಮಕ್ಕಳೇ, ದಿನಕ್ಕೆ ಇಬ್ಬರು. ಚೆನ್ನಾಗಿ ಓದುವವರನ್ನು ಆರಿಸಬೇಡಿ, ಹಾಜರಿ ಪಟ್ಟಿಯ ಪ್ರಕಾರ ಎಲ್ಲರಿಗೂ ಸರದಿ ಬರಲಿ. ತೊದಲುವ ಹುಡುಗನೊಬ್ಬ ತನ್ನ ಸರದಿಯ ದಿನ ಇಡೀ ಶಾಲೆಯ ಮುಂದೆ ನಿಧಾನವಾಗಿ ಓದಿ ಮುಗಿಸಿದ. ಅವನಿಗಾಗಿ ಕಾಯುವುದೇ ಅವತ್ತಿನ ನಮ್ಮ ಪ್ರಾರ್ಥನೆ ಆಗಿತ್ತು. ಓದಲು ಇಷ್ಟವಿಲ್ಲದವರು ಬೇಡ ಅನ್ನಬಹುದು, ಕಾರಣ ಕೇಳುವುದಿಲ್ಲ.

ಸಣ್ಣ ಪ್ರಾರ್ಥನೆ ಹೊಸ ಸಂಗತಿ ಏನಲ್ಲ. ಫ್ರಾನ್ಸಿನಲ್ಲಿ ಬಡ ಮಕ್ಕಳಿಗೆ ಶಾಲೆ ನಡೆಸಿದ ಸಂತ ಜಾನ್ ಬಾಪ್ಟಿಸ್ಟ್ ದ ಲಸಾಲ್ 1719ರಲ್ಲಿ ತೀರಿಕೊಂಡರು. ಅವರ ಶಾಲೆಗಳಲ್ಲಿ ಪಾಠದ ಮಧ್ಯೆ ಗಂಟೆ ಬಾರಿಸಿ, ದೇವರು ಇಲ್ಲೇ ಇದ್ದಾನೆ ಎಂದು ಒಂದು ಕ್ಷಣ ನೆನೆಯುವ ರೂಢಿ ಇತ್ತು. ಬಡ ಹುಡುಗರಿಗೆ ಆಸರೆಯಾಗಿದ್ದ ಸಂತ ಡಾನ್ ಬಾಸ್ಕೊ ಇಟಲಿಯ ಟ್ಯೂರಿನ್‌ನಲ್ಲಿ ತಮ್ಮ ಹುಡುಗರು ಮಲಗುವ ಮುಂಚೆ ಎರಡು ಮೂರು ನಿಮಿಷ ಮಾತಾಡುತ್ತಿದ್ದರು, ‘ಗುಡ್ ನೈಟ್’ ಅಂತಲೇ ಅದಕ್ಕೆ ಹೆಸರು. 1847ರಲ್ಲಿ ಮಳೆಯಲ್ಲಿ ನೆನೆದು ಬಂದ ಒಬ್ಬ ಅನಾಥ ಹುಡುಗನಿಗೆ ಡಾನ್ ಬಾಸ್ಕೊ ಅವರ ತಾಯಿ ಮಾರ್ಗರೀಟಾ ಊಟ ಹಾಕಿ, ಮಲಗುವ ಮುಂಚೆ ನಾಲ್ಕು ಒಳ್ಳೆಯ ಮಾತು ಹೇಳಿದರು. ಅದರಿಂದಲೇ ಈ ರೂಢಿ ಬಂತು ಅಂತ ಹೇಳುತ್ತಾರೆ. ಮೊದಲು ಒಣ ಬಟ್ಟೆ, ಊಟ, ಹಾಸಿಗೆ. ಆಮೇಲೆ ಮಾತು. ನನಗೆ ಈ ಕ್ರಮ ತುಂಬಾ ಇಷ್ಟ.

ನಮ್ಮ ಶಾಲೆ ಗುಡಿಸುವ ಅಕ್ಕ ಒಂದು ಸಂಜೆ ನನ್ನನ್ನು ಕೇಳಿದರು, “ನಾನೂ ಬರೀಬಹುದಾ ಮಿಸ್?” ಮಗಳ ಹೆರಿಗೆಗಾಗಿ ಬರೆದರು. ಮರುದಿನ ಓದಬೇಕಿದ್ದ ಹುಡುಗರು ನನ್ನ ಹತ್ತಿರ ಬಂದು, ಈ ಹೆಸರು ಯಾರದು ಅಂತ ಕೇಳಿದರು. ಆ ಅಕ್ಕ ಆ ಹುಡುಗರಿಗಿಂತ, ನನಗಿಂತಲೂ ಮುಂಚಿನಿಂದ ಅಲ್ಲಿ ಕೆಲಸ ಮಾಡುತ್ತಿದ್ದರು. ದಿನಾ ಅವರ ಮುಂದೆಯೇ ಓಡಾಡುವ ಮಕ್ಕಳಿಗೆ ಅವರ ಹೆಸರೇ ಗೊತ್ತಿರಲಿಲ್ಲ. ಅವತ್ತಿನಿಂದ ಮಕ್ಕಳು ಅವರನ್ನು ಹೆಸರು ಹಿಡಿದು ‘ಅಕ್ಕ’ ಸೇರಿಸಿ ಕರೆಯುತ್ತಾರೆ. ಮಗು ಹುಟ್ಟಿದ ಸುದ್ದಿಯನ್ನೂ ಮೈಕಿನಲ್ಲೇ ಹೇಳಿದೆವು, ಇಡೀ ಶಾಲೆ ಚಪ್ಪಾಳೆ ತಟ್ಟಿತು.

ಎಲ್ಲ ಕಡೆ ಹೆಸರು ಹೇಳುವುದು ಸರಿಯಲ್ಲ ಅನ್ನುವುದನ್ನು ಕಲಿಯಲು ನನಗೆ ಜಾಸ್ತಿ ಸಮಯ ಹಿಡಿಯಿತು. ಎರಡು ತಪ್ಪುಗಳನ್ನು ಹೇಳುತ್ತೇನೆ.

ಮೊದಲನೆಯದು ಪಾಪನಿವೇದನೆ. ತಪಸ್ಸುಕಾಲದಲ್ಲಿ ಕಥೋಲಿಕ ಮಕ್ಕಳನ್ನು ತರಗತಿವಾರು ಸಾಲಾಗಿ ಕಳುಹಿಸುತ್ತಿದ್ದೆ, ಬಂದವರ ಹೆಸರಿಗೆ ಟಿಕ್ ಹಾಕುತ್ತಿದ್ದೆ. ಪಾಪನಿವೇದನೆ ಕೇಳಲು ಕೂರುತ್ತಿದ್ದವರು ಶಾಲೆಯ ಆಡಳಿತ ನೋಡುವ ಫಾದರ್. ಒಳ್ಳೆಯವರು. ಆದರೆ ಸೋಮವಾರ ತಮ್ಮನ್ನು ಆಫೀಸಿಗೆ ಕರೆದು ಬೈಯುವವರ ಮುಂದೆ ಮಂಗಳವಾರ ಮಂಡಿಯೂರಿ ಮಕ್ಕಳು ಏನು ಹೇಳಿಯಾರು? ಒಬ್ಬ ಹುಡುಗ ನನಗೆ ನೇರವಾಗಿ ಹೇಳಿದ, “ಮಿಸ್, ನಾನು ಸುಮ್ನೆ ಎರಡು ಸುಳ್ಳು ಪಾಪ ಹೇಳಿ ಬಂದೆ.” ಅದು ನನ್ನ ತಪ್ಪು, ಅವನದಲ್ಲ.

ನಂತರ ಓದಿ ತಿಳಿದುಕೊಂಡೆ. ಕಥೋಲಿಕ ಧರ್ಮಸಭೆಯ 1983ರ ಕಾನೂನು ಸಂಹಿತೆಯ 985ನೇ ಕಾನೂನು ಇದನ್ನು ಮೊದಲೇ ಯೋಚಿಸಿದೆ. ವಿದ್ಯಾಸಂಸ್ಥೆಯ ಮುಖ್ಯಸ್ಥರು ಅದೇ ಮನೆಯಲ್ಲಿ ಉಳಿದುಕೊಳ್ಳುವ ವಿದ್ಯಾರ್ಥಿಗಳ ಪಾಪನಿವೇದನೆ ಕೇಳಬಾರದು, ವಿದ್ಯಾರ್ಥಿ ತಾನಾಗಿ ಕೇಳಿಕೊಂಡರೆ ಮಾತ್ರ ಅವಕಾಶ. ನಮ್ಮದು ಹಾಸ್ಟೆಲ್ ಅಲ್ಲ, ಆ ಕಾನೂನು ನಮಗೆ ಅಕ್ಷರಶಃ ಅನ್ವಯಿಸುವುದಿಲ್ಲ. ಆದರೆ ಅದರ ಹಿಂದಿನ ಕಾಳಜಿ ನಮಗೂ ಬೇಕಿತ್ತು. ಇನ್ನೊಂದು ಕಾನೂನು, 991ನೆಯದು, ಯಾರಿಗೆ ನಿವೇದಿಸಬೇಕು ಅನ್ನುವ ಆಯ್ಕೆ ವಿಶ್ವಾಸಿಯದು ಅನ್ನುತ್ತದೆ. ಫಾದರ್ ಜೊತೆ ಕೂತು ಮಾತಾಡಿದೆ. ಅವರೇ ಹೊರಗಿನಿಂದ ಇಬ್ಬರು ಗುರುಗಳನ್ನು ಕರೆಸಿದರು, ತಾವು ದೂರ ಉಳಿದರು. ಈಗ ಇಡೀ ತರಗತಿ ಪ್ರಾರ್ಥನಾಲಯಕ್ಕೆ ಬಂದು ಅರ್ಧ ಗಂಟೆ ಕೂರುತ್ತದೆ. ಎದ್ದು ಹೋಗುವವರು ಹೋಗುತ್ತಾರೆ, ಕೂರುವವರು ಕೂರುತ್ತಾರೆ. ಪಟ್ಟಿ ಇಲ್ಲ. ನಾನು ಎಲ್ಲರಿಗಿಂತ ಮುಂದಿನ ಬೆಂಚಿನಲ್ಲಿ, ಬೆನ್ನು ತಿರುಗಿಸಿ ಕೂರುತ್ತೇನೆ. ಯಾರು ಹೋದರು, ಯಾರು ಹೋಗಲಿಲ್ಲ ಅನ್ನುವುದು ನನಗೆ ಕಾಣಬಾರದು.

ಎರಡನೆಯದು ತಪಸ್ಸುಕಾಲದ ಕಾಣಿಕೆ. ಯಾವ ತರಗತಿ ಎಷ್ಟು ಕೊಟ್ಟಿತು ಅಂತ ನೋಟಿಸ್ ಬೋರ್ಡಿನಲ್ಲಿ ಹಾಕುತ್ತಿದ್ದೆವು. ಹುಮ್ಮಸ್ಸು ಬರಲಿ ಅನ್ನುವ ಉದ್ದೇಶ. ಒಬ್ಬ ಹುಡುಗಿ ಕೊಡಲು ಇಲ್ಲದೆ ಗೆಳತಿಯಿಂದ ಸಾಲ ಮಾಡಿ ಕೊಟ್ಟಿದ್ದಳು ಅಂತ ಗೊತ್ತಾದ ದಿನ ಆ ಹಾಳೆಯನ್ನು ಕಿತ್ತು ಹಾಕಿದೆ. ಬಲಗೈ ಕೊಟ್ಟಿದ್ದು ಎಡಗೈಗೆ ತಿಳಿಯದಿರಲಿ ಅನ್ನುವ ಯೇಸುಸ್ವಾಮಿಯ ಮಾತನ್ನು, ತಪಸ್ಸುಕಾಲ ಶುರುವಾಗುವ ಬೂದಿ ಬುಧವಾರದ ಪೂಜೆಯಲ್ಲೇ ಓದುತ್ತೇವೆ, ಮತ್ತಾಯನ ಶುಭಸಂದೇಶದ 6ನೇ ಅಧ್ಯಾಯದಿಂದ. ಓದಿ ಬಂದು ಅಂಕಪಟ್ಟಿ ಹಾಕುವುದು ಹೇಗೆ ಸರಿ, ಅಲ್ವಾ? ಈಗ ಒಂದೇ ಪೆಟ್ಟಿಗೆ. ಖಾಲಿ ಕೈಯನ್ನು ಒಳಗೆ ಹಾಕಿ ತೆಗೆದರೂ ಯಾರಿಗೂ ತಿಳಿಯುವುದಿಲ್ಲ.

ನಮ್ಮ ಮಕ್ಕಳಲ್ಲಿ ಬೇರೆ ಧರ್ಮದವರೂ ಇದ್ದಾರೆ, ಯಾವ ಧರ್ಮವೂ ಇಲ್ಲದ ಮನೆಗಳಿಂದ ಬಂದವರೂ ಇದ್ದಾರೆ. ಅವರಿಗೆ ನಾನು ಹೇಳುವುದು ಇಷ್ಟೇ: ನೀನು ನಂಬದ ಮಾತನ್ನು ಇಲ್ಲಿ ಹೇಳಬೇಕಿಲ್ಲ, ಆದರೆ ಬೇರೆಯವರು ಪ್ರಾರ್ಥಿಸುವಾಗ ಮೌನವಾಗಿರು. ಎರಡನೇ ವ್ಯಾಟಿಕನ್ ಮಹಾಸಭೆ (ಜಗತ್ತಿನ ಕಥೋಲಿಕ ಬಿಷಪರ ಸಭೆ) 1965ರಲ್ಲಿ ಎರಡು ದಾಖಲೆ ಕೊಟ್ಟಿತು. ಶಿಕ್ಷಣದ ಬಗೆಗಿನ ದಾಖಲೆ, ಕಥೋಲಿಕ ಶಾಲೆಯ ವಾತಾವರಣದಲ್ಲಿ ಶುಭಸಂದೇಶದ ಸ್ವಾತಂತ್ರ್ಯವೂ ಪ್ರೀತಿಯೂ ಇರಬೇಕು ಅನ್ನುತ್ತದೆ. ಧಾರ್ಮಿಕ ಸ್ವಾತಂತ್ರ್ಯದ ಬಗೆಗಿನ ದಾಖಲೆ, ನಂಬಿಕೆಯ ವಿಷಯದಲ್ಲಿ ಯಾರನ್ನೂ ಬಲವಂತ ಮಾಡಬಾರದು ಅನ್ನುತ್ತದೆ. ನಾನು ಈ ಎರಡನ್ನೂ ಒಟ್ಟಿಗೇ ಓದುತ್ತೇನೆ. ಮೌನದ ಹತ್ತು ಸೆಕೆಂಡ್ ಇಲ್ಲೇ ತುಂಬಾ ಉಪಯೋಗಕ್ಕೆ ಬರುತ್ತದೆ. ಆ ಮೌನದಲ್ಲಿ ಪ್ರತಿಯೊಬ್ಬರೂ ತಮ್ಮ ರೀತಿಯಲ್ಲಿ ನಿಲ್ಲಬಹುದು.

ಬಲಿಪೂಜೆಯ ದಿನ ಮಾತ್ರ ಮೊದಲೇ ಸ್ಪಷ್ಟವಾಗಿ ಹೇಳಿಡಬೇಕು. ಪೂಜೆಯಲ್ಲಿ ಕೊಡುವ ಪರಮಪ್ರಸಾದ (ಪವಿತ್ರ ರೊಟ್ಟಿ) ಕಥೋಲಿಕರಿಗೆ. ಬೇರೆಯವರು ಇಷ್ಟವಿದ್ದರೆ ಎದೆಯ ಮೇಲೆ ಕೈಗಳನ್ನು ಅಡ್ಡ ಇಟ್ಟುಕೊಂಡು ಬಂದು ಆಶೀರ್ವಾದ ಪಡೆಯಬಹುದು, ಕೂತೇ ಇರಬಹುದು. ಇದನ್ನು ಹಿಂದಿನ ದಿನವೇ ತರಗತಿಯಲ್ಲಿ ಹೇಳುತ್ತೇವೆ. ಸಾಲಿನಲ್ಲಿ ನಿಂತ ಮಗುವನ್ನು ಹಿಂದೆ ಕಳುಹಿಸುವ ಸ್ಥಿತಿ ಬರಲೇಬಾರದು. ಬೂದಿ ಬುಧವಾರದ ಬೂದಿ ಪರಮಪ್ರಸಾದದ ಹಾಗೆ ಸಂಸ್ಕಾರವಲ್ಲ, ಅದನ್ನು ಯಾರು ಬೇಕಾದರೂ ಹಚ್ಚಿಸಿಕೊಳ್ಳಬಹುದು. “ನೀನು ಮಣ್ಣು, ಮಣ್ಣಿಗೇ ಮರಳುವೆ” ಅನ್ನುವ ಮಾತು ಎಲ್ಲರಿಗೂ ಸೇರಿದ್ದು.

ಹಾಡಿನ ಬಗ್ಗೆ ಒಂದೇ ಮಾತು: ಎಲ್ಲರಿಗೂ ಗೊತ್ತಿರುವ ನಾಲ್ಕು ಹಾಡು ಸಾಕು. ಗಾನವೃಂದದವರು ಮಾತ್ರ ಹಾಡುವ ಹತ್ತು ಹಾಡು ಬೇಡ.

ನವೆಂಬರ್ ತಿಂಗಳು ಮೃತರ ನೆನಪಿಗೆ. 2ನೇ ತಾರೀಕಿನಿಂದ ತಿಂಗಳ ಕೊನೆಯವರೆಗೆ ಪ್ರಾರ್ಥನಾಲಯದ ಒಂದು ಗೋಡೆಯಲ್ಲಿ ಸಣ್ಣ ಚೀಟಿಗಳನ್ನು ಅಂಟಿಸುತ್ತೇವೆ, ತೀರಿಹೋದವರ ಹೆಸರು ಬರೆದು. ಒಬ್ಬ ಹುಡುಗ ಅಪ್ಪ ಹೋದ ಮೇಲೆ ಎರಡು ವರ್ಷ ಪ್ರಾರ್ಥನಾಲಯದೊಳಗೆ ಕಾಲಿಟ್ಟಿರಲಿಲ್ಲ. ನಾನು ಅವನನ್ನು ಕರೆಯಲಿಲ್ಲ. ಮೂರನೇ ವರ್ಷ ಅವನ ಗೆಳೆಯ ಬಂದು ಕೇಳಿದ, “ಅವನ ಪರವಾಗಿ ನಾನು ಬರೀಬಹುದಾ ಮಿಸ್? ಅವನು ಹೊರಗೆ ನಿಂತಿದ್ದಾನೆ.” ಬರೆದ. ಆ ತಿಂಗಳು ಪೂರ್ತಿ ಆ ಚೀಟಿ ಇತ್ತು. ಗೋಡೆ ಖಾಲಿ ಮಾಡುವ ದಿನ ಆ ಹುಡುಗ ಒಳಗೆ ಬಂದು ಚೀಟಿಯನ್ನು ತಾನೇ ಬಿಡಿಸಿಕೊಂಡು ಜೇಬಿನಲ್ಲಿ ಇಟ್ಟುಕೊಂಡ. ಏನೂ ಮಾತಾಡಲಿಲ್ಲ, ನಾನೂ ಕೇಳಲಿಲ್ಲ.

ಈ ವರ್ಷ ನೋಟ್‌ಪುಸ್ತಕದಲ್ಲಿ ಹೊಸದೊಂದು ಬಂತು. “ನನ್ನನ್ನು ದಿನಾ ಗೋಳು ಹೊಯ್ದುಕೊಳ್ಳುವ ಇವನಿಗಾಗಿ ಪ್ರಾರ್ಥಿಸಿ” ಅಂತ ಬರೆದು, ಅದರ ಕೆಳಗೆ ಒಬ್ಬ ಹುಡುಗನ ಪೂರ್ತಿ ಹೆಸರು, ತರಗತಿ. ಪುಟ ಮಡಚಿರಲಿಲ್ಲ. ಅವತ್ತು ಓದುವ ಸರದಿ ಒಂಬತ್ತನೇ ತರಗತಿಯ ಹುಡುಗಿಯದು. ಅವಳು ನೋಟ್‌ಪುಸ್ತಕ ಹಿಡಿದು ಓಡಿ ಬಂದಳು. “ಮಿಸ್, ಓದಲಾ? ಓದಿದರೆ ಎಲ್ಲರೂ ಅವನನ್ನು ನೋಡ್ತಾರೆ. ಓದದಿದ್ದರೆ ಬರೆದವನಿಗೆ ಬೇಜಾರಾಗುತ್ತೆ.”

ನಿನ್ನ ಸೋದರ ತಪ್ಪು ಮಾಡಿದರೆ ಮೊದಲು ಅವನೊಬ್ಬನೇ ಇರುವಾಗ ಹೋಗಿ ಮಾತಾಡು ಅಂತ ಮತ್ತಾಯನ ಶುಭಸಂದೇಶದ 18ನೇ ಅಧ್ಯಾಯ ಹೇಳುತ್ತದೆ. ಅವಳಿಗೆ ಅದನ್ನು ನೆನಪಿಸಿದೆ. ಹಿಂಸೆ ನಿಲ್ಲಿಸುವ ಕೆಲಸ ಅದನ್ನು ಬರೆದ ಹುಡುಗನೊಬ್ಬನ ಮೇಲೆ ಬೀಳಬಾರದು, ಅದು ದೊಡ್ಡವರಾದ ನಮ್ಮ ಕೆಲಸ, ಇವತ್ತೇ ಅವರ ತರಗತಿ ಶಿಕ್ಷಕರ ಹತ್ತಿರ ಮಾತಾಡುತ್ತೇನೆ ಅಂತಲೂ ಹೇಳಿದೆ. ಓದುವುದೋ ಬಿಡುವುದೋ ಅನ್ನುವುದನ್ನು ಅವಳಿಗೇ ಬಿಟ್ಟೆ. ಗಂಟೆ ಹೊಡೆಯಿತು. ಅವಳು ಮೈಕಿನ ಮುಂದೆ ನಿಂತು ಬೇರೆ ಕೋರಿಕೆಗಳನ್ನೆಲ್ಲ ಓದಿದಳು. ಆಮೇಲೆ “ಇಲ್ಲಿ ನೋವು ತಿನ್ನುತ್ತಿರುವ ಒಬ್ಬನಿಗಾಗಿ, ನೋವು ಕೊಡುತ್ತಿರುವ ಒಬ್ಬನಿಗಾಗಿ” ಅಂದಳು. ಹೆಸರು ಹೇಳಲಿಲ್ಲ. ಪುಟವನ್ನು ಮಡಚಿ, ತಲೆ ತಗ್ಗಿಸಿ ನಿಂತಳು. ಆ ದಿನ ಹತ್ತು ಸೆಕೆಂಡ್ ಕಳೆದ ಮೇಲೂ ಯಾರೂ ಅಲುಗಾಡಲಿಲ್ಲ.