ಎಕ್ಸ್‌ಎಂಎಲ್‌ ಕಡತದಿಂದ ಡೇಟಾಬೇಸ್‌ಗೆ: ಜಾವಾದಲ್ಲಿ ಮಾಡುವ ಬಗೆ

ಪ್ರತಿ ಮಾಹಿತಿಗೂ ಟ್ಯಾಗ್‌ ಎಂಬ ಹೆಸರುಚೀಟಿ ಹಾಕಿ ಬರೆಯುವ ಎಕ್ಸ್‌ಎಂಎಲ್‌ ಕಡತ ಮರದಂತೆ ಕವಲೊಡೆದಿರುತ್ತದೆ, ರಿಲೇಷನಲ್‌ ಡೇಟಾಬೇಸ್‌ಗೆ ಗೊತ್ತಿರುವುದು ಸಾಲು ಮತ್ತು ಕಾಲಂ ಮಾತ್ರ. ಆದ್ದರಿಂದ ಕೋಡ್‌ ಬರೆಯುವ ಮೊದಲೇ ಯಾವ ಟ್ಯಾಗ್‌ ಯಾವ ಕಾಲಂಗೆ ಹೋಗಬೇಕೆಂದು ಕಾಗದದ ಮೇಲೆ ಗುರುತು ಹಾಕಿಕೊಳ್ಳಬೇಕು. ಗ್ರಂಥಾಲಯದ ಕಡತವೊಂದರಲ್ಲಿ ‘ಪುಸ್ತಕ’ದೊಳಗೆ ಮೂರು ‘ಲೇಖಕ’ ಟ್ಯಾಗ್‌ಗಳಿದ್ದರೆ, ಅವನ್ನು ಅಲ್ಪವಿರಾಮ ಹಾಕಿ ಒಂದೇ ಕಾಲಂಗೆ ತುರುಕುವ ಆಸೆ ಬಂದೇ ಬರುತ್ತದೆ. ಅದಕ್ಕೆ ಮಣಿಯದೆ ಪುಸ್ತಕಕ್ಕೊಂದು, ಲೇಖಕರಿಗೊಂದು, ಇವೆರಡನ್ನೂ ಬೆಸೆಯಲು ಇನ್ನೊಂದು ಟೇಬಲ್‌ ಮಾಡಿ.

ಕಡತ ಚಿಕ್ಕದಾಗಿದ್ದರೆ ಡಾಮ್‌ ಪಾರ್ಸರ್‌ (ಪಾರ್ಸರ್‌ ಎಂದರೆ ಕಡತವನ್ನು ಓದಿ ಬಿಡಿಸಿಕೊಡುವ ಕೋಡ್‌) ಸಾಕು. ಆದರೆ ಅದು ಇಡೀ ಕಡತವನ್ನು ಮೆಮೊರಿಗೆ ಎಳೆದುಕೊಳ್ಳುವುದರಿಂದ, ದೊಡ್ಡ ಕಡತಗಳಿಗೆ ಜಾವಾ 6ರಿಂದ ಜೊತೆಗೇ ಬರುತ್ತಿರುವ ಸ್ಟ್ಯಾಕ್ಸ್‌ ಪಾರ್ಸರ್‌ ಒಳ್ಳೆಯದು. ಅದು ಟ್ಯಾಗ್‌ಗಳನ್ನು ಒಂದೊಂದಾಗಿ ಓದುತ್ತ ಸಾಗುತ್ತದೆ. ಕಡತ ಹೊರಗಿನವರಿಂದ ಬಂದಿದ್ದರೆ ಡಿಟಿಡಿ (ಕಡತದ ರಚನೆ ಮತ್ತು ಎಂಟಿಟಿಗಳನ್ನು ವಿವರಿಸುವ ಭಾಗ) ಬೆಂಬಲವನ್ನು ಮೊದಲೇ ನಿಷ್ಕ್ರಿಯಗೊಳಿಸಿ, ಇಲ್ಲವಾದರೆ ಕಡತದೊಳಗಿನ ಒಂದು ಎಂಟಿಟಿ (ಬೇರೆಡೆಯ ಪಠ್ಯವನ್ನು ಎಳೆದು ತರಬಲ್ಲ ಸಂಕೇತ) ನಿಮ್ಮ ಸರ್ವರ್‌ನ ಬೇರೆ ಕಡತಗಳನ್ನು ಓದಿಸಿಬಿಡಬಹುದು.

ಹೆಚ್ಚಿನವರು ಎಡವುವುದು ಪಠ್ಯವನ್ನು ಓದುವಾಗ. ‘ಬೆಳಕು & ನೆರಳು’ ಎಂಬ ಶೀರ್ಷಿಕೆಯನ್ನು ಪಾರ್ಸರ್‌ & (ಇದು & ಚಿಹ್ನೆಯ ಎಕ್ಸ್‌ಎಂಎಲ್‌ ರೂಪ) ಬಳಿ ಒಡೆದು ಮೂರು ತುಂಡುಗಳಾಗಿ ಕೊಡಬಹುದು; ಮೊದಲ ತುಂಡಿಗೇ ತೃಪ್ತರಾದರೆ ಟೇಬಲ್‌ನಲ್ಲಿ ‘ಬೆಳಕು’ ಮಾತ್ರ ಉಳಿಯುತ್ತದೆ, ಯಾವ ಎರರ್‌ ಕೂಡ ಬರುವುದಿಲ್ಲ. ಒಳಟ್ಯಾಗ್‌ಗಳಿಲ್ಲದ ಕಡೆ ಗೆಟ್‌ಎಲಿಮೆಂಟ್‌ಟೆಕ್ಸ್ಟ್‌ ಮೆಥಡ್‌ ಬಳಸಿದರೆ ಈ ತೊಂದರೆ ಇಲ್ಲ. ಪ್ರತಿ ಪುಸ್ತಕದ ಆರಂಭದಲ್ಲಿ ವೇರಿಯಬಲ್‌ಗಳನ್ನು ಖಾಲಿ ಮಾಡುವುದನ್ನೂ ಮರೆಯಬಾರದು. ಮರೆತರೆ ಪ್ರಕಾಶಕರ ಟ್ಯಾಗ್‌ ಇಲ್ಲದ ಪುಸ್ತಕಕ್ಕೆ ಹಿಂದಿನ ಪುಸ್ತಕದ ಪ್ರಕಾಶಕರೇ ಅಂಟಿಕೊಳ್ಳುತ್ತಾರೆ. ಇಲ್ಲದ ಮೌಲ್ಯಕ್ಕೆ ಖಾಲಿ ಸ್ಟ್ರಿಂಗ್‌ ಬದಲು ನಲ್‌ (ಮೌಲ್ಯವೇ ಇಲ್ಲ ಎಂಬ ಗುರುತು) ಹಾಕಿ, ಬೆಲೆಯನ್ನು ದಶಮಾಂಶಗಳಲ್ಲಿ ಸಣ್ಣ ತಪ್ಪು ಮಾಡುವ ಡಬಲ್‌ ಬಿಟ್ಟು ನಿಖರವಾದ ಬಿಗ್‌ಡೆಸಿಮಲ್‌ನಲ್ಲಿ ಇಟ್ಟುಕೊಳ್ಳಿ.

ಇನ್ನು ಜಾವಾವನ್ನು ಡೇಟಾಬೇಸ್‌ಗೆ ಜೋಡಿಸುವ ಜೆಡಿಬಿಸಿ. ಮೌಲ್ಯಗಳ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳಿರುವ ಪ್ರಿಪೇರ್ಡ್‌ ಸ್ಟೇಟ್‌ಮೆಂಟನ್ನು ಒಮ್ಮೆ ಮಾತ್ರ ಸಿದ್ಧಪಡಿಸಿ, ಆಟೋ ಕಮಿಟ್‌ (ಪ್ರತಿ ಬದಲಾವಣೆಯನ್ನೂ ತಾನಾಗಿಯೇ ಖಾಯಂ ಮಾಡುವ ವ್ಯವಸ್ಥೆ) ಆಫ್‌ ಮಾಡಿ, ಪ್ರತಿ ದಾಖಲೆಯನ್ನು ಬ್ಯಾಚ್‌ಗೆ ಸೇರಿಸುತ್ತ 500 ಅಥವಾ 1000ಕ್ಕೊಮ್ಮೆ ಬ್ಯಾಚನ್ನು ಚಲಾಯಿಸಿ ಕಮಿಟ್‌ ಕೊಡಿ. ಲೂಪ್‌ ಮುಗಿದ ಮೇಲೆ ಉಳಿದ ಕೊನೆಯ ಅರೆಬರೆ ಬ್ಯಾಚನ್ನೂ ಕಳಿಸಬೇಕು. ಡೇಟಾಬೇಸ್‌ ಮೈಎಸ್‌ಕ್ಯೂಎಲ್‌ ಆದರೆ ಕನೆಕ್ಷನ್‌ ವಿಳಾಸದಲ್ಲಿ ರೀರೈಟ್‌ಬ್ಯಾಚ್ಡ್‌ಸ್ಟೇಟ್‌ಮೆಂಟ್ಸ್‌ ಎಂಬ ಆಯ್ಕೆಯನ್ನು ಸಕ್ರಿಯಗೊಳಿಸಿದರೆ ವೇಗ ಚೆನ್ನಾಗಿ ಹೆಚ್ಚುತ್ತದೆ.

ಮಧ್ಯದಲ್ಲಿ ತಪ್ಪು ಎದುರಾದರೆ ರೋಲ್‌ಬ್ಯಾಕ್‌ (ರದ್ದು) ಆಗುವುದು ಆ ಬ್ಯಾಚ್‌ ಮಾತ್ರ. ಹಿಂದಿನವು ಆಗಲೇ ಟೇಬಲ್‌ ಸೇರಿರುತ್ತವೆ. ಹಾಗಾಗಿ ಅದೇ ಕಡತವನ್ನು ಮತ್ತೆ ಓಡಿಸಿದಾಗ ನಕಲು ಸಾಲುಗಳಾಗದಂತೆ ಯೂನಿಕ್‌ ಕೀ (ಎರಡು ಸಾಲುಗಳಲ್ಲಿ ಒಂದೇ ಮೌಲ್ಯ ಬರಲು ಬಿಡದ ಕಾಲಂ) ಇರಲೇಬೇಕು. ಐಎಸ್‌ಬಿಎನ್‌ (ಪುಸ್ತಕದ ಅಂತರರಾಷ್ಟ್ರೀಯ ಗುರುತು ಸಂಖ್ಯೆ) ಇಲ್ಲದ ಹಳೆಯ ಪುಸ್ತಕಗಳೂ ಇರುವುದರಿಂದ, ಕಡತದಲ್ಲಿಯೇ ಇರುವ ದಾಖಲೆ ಸಂಖ್ಯೆಯನ್ನು ಕೀ ಮಾಡಿಕೊಳ್ಳುವುದು ಸುರಕ್ಷಿತ.