ಪ್ರಾಣಿಗೆ ಹಿಂಸೆ ಕೊಟ್ಟ ಆಟಗಾರನ್ನ ವಾಪಸ್ ತಗೋಬೇಕೋ ಬ್ಯಾಡೋ: ಊರ ಕಮಿಟಿಯವ್ರು ಹೆಂಗ ತೀರ್ಮಾನ ಮಾಡಬೇಕು

ಹೋದ ವರ್ಷ ನಮ್ಮ ಕಬಡ್ಡಿ ಟೀಮಿನ ರೇಡರ್ ಹುಡುಗ ಒಬ್ಬಾಂವ ತನ್ನ ಶರ್ಯತ್ತಿನ ಎತ್ತಿಗೆ ಮೊಳೆ ಬಡದ ಕೋಲಿಂದ ಚುಚ್ಚೂ ವಿಡಿಯೋ ವಾಟ್ಸಾಪಿನ್ಯಾಗ ಬಂತು. ಜಮಖಂಡಿ ಕಡೆ ನಮ್ಮೂರು ಸಣ್ಣದು, ಸಂಜೀಕ ಎಲ್ಲಾರ ಫೋನಿನ್ಯಾಗ ಅದಽ ಇತ್ತು. ಕಮಿಟಿ ಕರದ್ವಿ, ಕಮಿಟಿ ಎರಡು ಹೋಳಾತು, ಅರ್ಧ ಮಂದಿ ಜೀವ ಇರೂತನಕ ಹೊರಗ ಹಾಕ್ರಿ ಅಂದ್ರು, ಇನ್ನರ್ಧ ಮಂದಿ ಸಣ್ಣ ಹುಡುಗ ಅದಾನ, ಎತ್ತೂ ಅವಂದಽ ಐತಿ, ಬಿಡ್ರಿ ಅತ್ಲಾಗ ಅಂದ್ರು. ರಾತ್ರಿ ಹನ್ನೊಂದರ ತನಕ ಕುಂತು ಏನೂ ಆಗ್ದ ಎದ್ವಿ. ಆಮ್ಯಾಲ ನಾಕೈದು ಸಲ ಕುಂತು ಒಂದು ದಾರಿ ಮಾಡ್ಕೊಂಡ್ವಿ, ಅದನ್ನ ಇಲ್ಲಿ ಬರೀತೀನಿ, ಬೆಳಗಾವಿ, ಬಾಗಲಕೋಟಿ, ವಿಜಾಪುರ ಕಡೆ ಯಾವ ಜಾತ್ರಿ ಕಮಿಟಿಗೆ, ಯಾವ ತಾಲೀಮಿನವ್ರಿಗೆ ಇಂಥಾ ಪ್ರಸಂಗ ಬಂದ್ರೂ ಉಪಯೋಗ ಆಗ್ಲಿ ಅಂತ.

ಹುಡುಗನ್ನ ಕರ್ಸೂಕಿಂತ ಮದಲ ಪ್ರಾಣಿ ನೋಡಾಕ ಹೋಗ್ರಿ. ನಾವು ಈ ತಪ್ಪು ಮಾಡಿದ್ವಿ, ಮೂರು ದಿನ ಹುಡುಗನ ಬಗ್ಗೇನಽ ಮಾತಾಡಿದ್ವಿ, ನಾಕನೇ ದಿನ ಯಾರೋ ಎತ್ತು ಹೆಂಗೈತಿ ಅಂತ ಕೇಳಿದ್ರು. ಕೊಟ್ಟಿಗ್ಯಾಗ ಹೋಗಿ ನೋಡಿದ್ರ ಬಿಳೀ ಖಿಲಾರಿ ಎತ್ತು, ಹಿಂದಿನ ತೊಡೀ ಮ್ಯಾಲ ಕಡ್ಲಿ ಕಾಳಿನಷ್ಟು ತೂತು ಒಂಬತ್ತು, ನಾನಽ ಎಣಿಸೇನಿ, ಕೂದಲಿಗೆ ರಕ್ತ ಒಣಗಿ ಕರ್ರಗ ಹೆಪ್ಪುಗಟ್ಟಿತ್ತು, ನೊಣ ಕುಂತಿದ್ವು. ಮೈ ಸವರೂನು ಅಂತ ಕೈ ಎತ್ತಿದೆ, ಅದು ಹಗ್ಗ ಬಿಗಿಯೂತನಕ ಹಿಂದ ಸರೀತು. ಆವತ್ತಽ ದನದ ಡಾಕ್ಟ್ರನ್ನ ಕರ್ಸಿದ್ವಿ, ಎತ್ತನ್ನ ಬಿಚ್ಚಿ ಅವ್ನ ಕಾಕಾನ ಮನ್ಯಾಗ ಕಟ್ಟಿಸಿದ್ವಿ. ನೀವೂ ಹಂಗಽ ಮಾಡ್ರಿ, ತೀರ್ಮಾನ ಏನರ ಆಗ್ಲಿ, ಪ್ರಾಣಿ ಮದಲ ಅವ್ನ ಕೈಯಿಂದ ದೂರ ಆಗ್ಬೇಕು, ಡಾಕ್ಟ್ರ ಚೀಟಿ ಮತ್ತ ತಾರೀಖು ಇದ್ದ ಫೋಟೋ ಇಟ್ಕೋರಿ.

ಇನ್ನ ಪೊಲೀಸ್ ವಿಷಯ. ಊರಾಗಽ ಬಗೆಹರಿಸ್ಕೊಳ್ಳೂನು ಅಂತ ಎಲ್ಲಾರೂ ಅಂತಾರ, ಆದ್ರ ಇದು ಕಮಿಟಿ ಮಾಫಿ ಮಾಡೂ ಸಂಗತಿ ಅಲ್ಲ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯೊಳಗ ಮದಲನೇ ಸಲದ ತಪ್ಪಿಗೆ ದಂಡ ಬರೀ 10ರಿಂದ 50 ರೂಪಾಯಿ, ಚಾ ಖರ್ಚಿನಷ್ಟು, ಅದಕ್ಕಽ ಮಂದಿಗೆ ಅಂಜಿಕಿ ಇಲ್ಲ. ಆದ್ರ ಪ್ರಾಣಿನ್ನ ಕೊಂದ್ರ ಇಲ್ಲಾ ಅಂಗ ಊನ ಮಾಡಿದ್ರ ಭಾರತೀಯ ನ್ಯಾಯ ಸಂಹಿತೆ 325ನೇ ಕಲಂ ಬರ್ತದ, ಐದು ವರ್ಷದ ತನಕ ಜೈಲು ಆಗ್ಬಹುದು. ಎತ್ತಿನ ಗಾಡಿ ಶರ್ಯತ್ತಿಗೆ ಪರ್ಮಿಷನ್ ಐತಲ್ಲ ಅಂತ ವಾದ ಮಾಡಾವ್ರು ಸಿಗ್ತಾರ. ಖರೇ ಐತಿ, 2014ರಾಗ ಸುಪ್ರೀಂ ಕೋರ್ಟ್ ಬಂದ್ ಮಾಡಿತ್ತು, 2017ರಾಗ ನಮ್ಮ ರಾಜ್ಯ ಕಾಯ್ದೆ ತಿದ್ದುಪಡಿ ಮಾಡ್ತು, 2023ರ ಮೇ 18ಕ್ಕ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಅದನ್ನ ಎತ್ತಿ ಹಿಡೀತು. ಆದ್ರ ಓಡ್ಸಾಕ ಪರ್ಮಿಷನ್ ಕೊಟ್ಟಾರ ಹೊರತು ಮೊಳಿ ಚುಚ್ಚಾಕ ಯಾರೂ ಕೊಟ್ಟಿಲ್ಲ. ಕಂಪ್ಲೇಂಟ್ ಕೊಡ್ರಿ, ವಿಡಿಯೋ ಡಿಲೀಟ್ ಮಾಡಿಸಬ್ಯಾಡ್ರಿ.

ಆಮ್ಯಾಲ ಕೇಳ್ಬೇಕಾದ್ದು, ಇದು ಒಂದು ಗಳಿಗಿ ಸಿಟ್ಟೋ, ಇಲ್ಲಾ ಅವ್ನ ದಂಧೆಽ ಇದೋ. ಇಲ್ಲಿ ದೊಡ್ಡ ಆಟಗಾರರ ಕಥಿ ತಿಳ್ಕೊಂಡ್ರ ಅಳತಿ ಸಿಗ್ತದ. ಅಮೆರಿಕಾದ ಮೈಕಲ್ ವಿಕ್ ಅಂತ, ಅವ್ರ ಫುಟ್‌ಬಾಲ್‌ನ್ಯಾಗ ಅಟ್ಲಾಂಟಾ ಫಾಲ್ಕನ್ಸ್ ಟೀಮಿನ ಸ್ಟಾರ್, ವರ್ಜೀನಿಯಾದಾಗ ತನ್ನ ಜಾಗದಾಗ ವರ್ಷಗಟ್ಲೆ ನಾಯಿ ಕಾದಾಟ ನಡಿಸಿದ್ದ, ಸರಿಯಾಗಿ ಕಾದಾಡದ ನಾಯಿನ್ನ ನೇಣು ಹಾಕಿ, ನೀರಾಗ ಮುಳುಗಿಸಿ ಕೊಂದಿದ್ರು. 2007ರಾಗ ಸಿಕ್ಕಬಿದ್ದ, 23 ತಿಂಗಳ ಶಿಕ್ಷೆ ಆತು. ಇನ್ನೊಬ್ಬಾಂವ ಕರ್ಟ್ ಝೂಮಾ, ಆಗ ಲಂಡನ್ನಿನ ವೆಸ್ಟ್ ಹ್ಯಾಮ್ ಫುಟ್‌ಬಾಲ್ ಟೀಮಿನ ಡಿಫೆಂಡರ್, ಮನೀ ಅಡಿಗಿ ಖೋಲ್ಯಾಗ ಬೆಕ್ಕಿಗೆ ಒದ್ದ, ತಮ್ಮ ವಿಡಿಯೋ ಮಾಡ್ದ, 2022ರಾಗ ಕೋರ್ಟು 180 ತಾಸು ಪಗಾರ ಇಲ್ದ ಸಮಾಜದ ಕೆಲ್ಸ ಮಾಡಂತು, ಐದು ವರ್ಷ ಬೆಕ್ಕು ಸಾಕಬಾರ್ದಂತು. ಬ್ರಿಟನ್ನಿನ ಶಾರ್ಲೆಟ್ ಡುಜಾರ್ಡಿನ್, ಕುದುರೆ ಸವಾರಿಯೊಳಗ ಒಲಿಂಪಿಕ್ ಚಿನ್ನ ಗೆದ್ದಾಕಿ, ಹಳೇ ವಿಡಿಯೋದಾಗ ಕುದುರಿ ಕಾಲಿಗೆ 24 ಸಲ ಚಾವಟಿಯಿಂದ ಹೊಡದದ್ದು ಕಂಡು 2024ರ ಪ್ಯಾರಿಸ್ ಒಲಿಂಪಿಕ್ಸ್ ಬಿಟ್ಟು ಹಿಂದ ಸರದ್ಲು, ಒಂದು ವರ್ಷ ಬ್ಯಾನ್ ಆತು, 10,000 ಸ್ವಿಸ್ ಫ್ರಾಂಕ್ ದಂಡ. ಮೂರೂ ತಪ್ಪೇ, ಆದ್ರ ಮೂರೂ ಒಂದಽ ತೂಕ ಅಲ್ಲ, ವಿಕ್ ಮಾಡಿದ್ದು ಲೆಕ್ಕ ಹಾಕಿ, ರೊಕ್ಕ ಹಾಕಿ ನಡಿಸಿದ ಕ್ರೌರ್ಯ. ನಮ್ಮ ಹುಡುಗನ ಬಗ್ಗೆ ಅಕ್ಕಪಕ್ಕದ ಹೊಲದವ್ರನ್ನ ಕೇಳಿದ್ವಿ, ಎರಡು ಶರ್ಯತ್ತಿನಿಂದ ಆ ಕೋಲು ಹಿಡದಾನ ಅಂದ್ರು. ಸಿಟ್ಟಿನ್ಯಾಗ ಮಾಡೇನಿ ಅಂದಿದ್ದು ಸುಳ್ಳಾತು.

ಮಾಫಿ ಕೇಳೂ ರೀತೀನೂ ನೋಡ್ರಿ. ವಿಕ್ ಮದಲ ಏನೂ ಗೊತ್ತಿಲ್ಲ ಅಂದಿದ್ದ, ಜೋಡಿದಾರರು ಒಬ್ಬೊಬ್ಬರಽ ಒಪ್ಕೊಂಡ ಮ್ಯಾಲ ತಾನೂ ಒಪ್ಕೊಂಡ. ಸಿಕ್ಕಬಿದ್ದ ಮ್ಯಾಲ ಬಂದ ಪಶ್ಚಾತ್ತಾಪ ಪೂರ್ತಿ ಖೊಟ್ಟಿ ಅಂತ ನಾ ಅನ್ನೂದಿಲ್ಲ, ಆದ್ರ ಅದಕ್ಕ ಟೈಮ್ ಕೊಟ್ಟು ನೋಡ್ಬೇಕು. ನಮ್ಮ ಹುಡುಗ ಬರ್ಕೊಂಡು ಬಂದ ಮದಲನೇ ಪತ್ರದಾಗ 'ಯಾರಿಗಾದ್ರೂ ಬ್ಯಾಸರ ಆಗಿದ್ರ ಕ್ಷಮಿಸ್ರಿ' ಅಂತ ಇತ್ತು. ವಾಪಸ್ ಕೊಟ್ವಿ. ತಮ್ಮಾ, ಬ್ಯಾಸರ ನಮಗಲ್ಲ, ನೋವು ಎತ್ತಿಗೆ ಆಗೈತಿ, ಏನು ಮಾಡಿದಿ, ಎಷ್ಟು ಸಲ ಮಾಡಿದಿ ಅದನ್ನ ಬರಿ ಅಂದ್ವಿ. ಮೂರನೇ ಪತ್ರಕ್ಕ ಖರೇ ಬರದ, ಬರದು ಅತ್ತ.

ಇಷ್ಟಾದ ಮ್ಯಾಲ ತೀರ್ಮಾನ. ನಾವು ತಿಂಗಳುಗಟ್ಲೆ ಜಗಳಾಡಿದ್ದು ಯಾಕಂದ್ರ ಎರಡನೇ ಅವಕಾಶ ಅನ್ನೂದು ಒಂದಽ ಅಂತ ತಿಳ್ಕೊಂಡಿದ್ವಿ. ಅದು ಮೂರು ಐತಿ ನೋಡ್ರಿ. ಒಂದು ಆಟ, ಅಂದ್ರ ಅವ್ನ ಕಸುಬು. ಎರಡನೇದು ಸತ್ಕಾರ, ಸ್ಟೇಜು, ಶಾಲು, ಹಾರ, ಬ್ಯಾನರಿನ ಮ್ಯಾಲ ಫೋಟೋ. ಮೂರನೇದು ಪ್ರಾಣಿ ಮತ್ತ ಅವ್ನ ಕೈಗೆ ಬರೂದು. ಮೂರನ್ನೂ ಬ್ಯಾರೆ ಬ್ಯಾರೆ ವೋಟಿಗೆ ಹಾಕ್ರಿ. ಆಟ ಕಸಗೊಂಡು ಒಂದು ಹುಡುಗನ ಬಾಳೇ ಹಾಳು ಮಾಡಿದ್ರ ಎತ್ತಿನ ತೂತು ಮುಚ್ಚೂದಿಲ್ಲ, ಅದಕ್ಕ ನಾನು ಆಟ ಕೊಡ್ರಿ ಅಂತೀನಿ, ಒಂದು ಸೀಸನ್ ಕೂಡ್ಸಿ ಆಮ್ಯಾಲ ಕೊಡ್ರಿ. ಸತ್ಕಾರ ತಡ ಆಗ್ಲಿ, ಅವಸರ ಏನೈತಿ. ಪ್ರಾಣಿ ಮಾತ್ರ ಎಲ್ಲಾಕ್ಕಿಂತ ಕಡೀಕ, ಕೊಡ್ದಿದ್ರೂ ನಡೀತದ. ಡುಜಾರ್ಡಿನ್ನಂಥಾವ್ರ ಕೇಸು ಇದಕ್ಕಽ ಕಠಿಣ, ಅಲ್ಲಿ ಆಟ ಮತ್ತ ಪ್ರಾಣಿ ಬ್ಯಾರೆ ಮಾಡಾಕ ಬರೂದಿಲ್ಲ. ನಮ್ಮಲ್ಲಿ ಶರ್ಯತ್ತಿನ ಗಾಡಿ ಹೊಡ್ಯಾವ್ರದ್ದೂ ಹಂಗಽ, ಅವ್ರಿಗೆ ಕಬಡ್ಡಿ ಹುಡುಗನಕಿಂತ ಬಿಗಿ ನಿಯಮ ಇರ್ಬೇಕು.

ಒಂದು ಮಾತು, ಅಂವ ಇಲ್ದಿದ್ರ ಫೈನಲ್ ಹೋಗೂದಿಲ್ಲ ಅನ್ನೂ ಮಾತು ಬಂದಽ ಬರ್ತದ. ಝೂಮಾನ ವಿಡಿಯೋ ಬಂದ ಮರುದಿನಾನಽ ವೆಸ್ಟ್ ಹ್ಯಾಮ್ ಅವನ್ನ ಮ್ಯಾಚಿಗೆ ಇಳಿಸ್ತು, ಮಂದಿ ಪೂರ್ತಿ ಮ್ಯಾಚ್ ಕೂಗಿ ಹೀಯಾಳಿಸಿದ್ರು. ನಾವು ಹೆಸರು ತಗದು, ಬರೀ ಏನು ಮಾಡ್ಯಾನ ಅಂತ ಒಂದು ಹಾಳಿ ಮ್ಯಾಲ ಬರದು, ಬೆಂಚ್ ಮ್ಯಾಲ ಕೂಡೂ ಹುಡುಗ ಇದನ್ನ ಮಾಡಿದ್ರ ಏನು ಮಾಡ್ತಿದ್ರಿ ಅಂತ ಎಲ್ಲಾರನ್ನ ಕೇಳಿದ್ವಿ. ಬಿಡ್ರಿ ಅಂದಾವ್ರೊಳಗ ನಾಕು ಮಂದಿ ಅಲ್ಲೇ ಮಾತು ಬದ್ಲಿಸಿದ್ರು.

ಖರ್ಚು ಅವ್ನಽ ಕೊಡ್ಬೇಕು. ವಿಕ್ ಕಡೆಯಿಂದ ಕೋರ್ಟು ನಾಯಿಗಳ ಆರೈಕಿಗೆ ಸುಮಾರು 9 ಲಕ್ಷ 28 ಸಾವಿರ ಡಾಲರ್ ಕೊಡ್ಸಿತ್ತು, ಅದರಿಂದ ಎಷ್ಟೋ ನಾಯಿ ಬದುಕಿ ಮನಿ ಸೇರಿದ್ವು. ನಮ್ಮಲ್ಲಿ ಡಾಕ್ಟ್ರ ಬಿಲ್ಲು, ಔಷಧ, ಕಾಕಾನ ಮನ್ಯಾಗ ಎತ್ತು ತಿನ್ನೂ ಹಿಂಡಿ, ಕಣಕಿ, ಎಲ್ಲಾ ಹುಡುಗನ ಕೂಲಿಯಿಂದಽ, ಅವ್ರಪ್ಪನ ಕಿಸೇದಿಂದ ಅಲ್ಲ. ದಿನಾ ಮುಂಜಾನೆ ಕೊಟ್ಟಿಗಿ ಕಸ ಹೊಡೀಬೇಕು, ಸಗಣಿ ಬಳೀಬೇಕು, ಕಾಕಾ ಎದುರಿಗೆ ಇದ್ದಾಗ ಮಾತ್ರ, ಎತ್ತು ಮುಟ್ಟೂ ಹಂಗಿಲ್ಲ.

ಅವನ್ನ ಮಾಫಿ ಮಾಡೂದಿಲ್ಲ ಅನ್ನಾವ್ರಿಗೂ ಜಾಗ ಬಿಡ್ರಿ. ನಮ್ಮೂರ ಒಬ್ಬ ಅಜ್ಜ, ಮಣ್ಣೆತ್ತಿನ ಅಮಾಸಿಗೆ ಮಣ್ಣಿನ ಬಸವಣ್ಣಗೂ ಕೈ ಮುಗೀತೀವಲ್ಲೋ ಯಪ್ಪಾ ಅಂತ ಹೇಳಿ ಎದ್ದು ಹೋದ, ಈ ವರ್ಷ ಮ್ಯಾಚ್ ನೋಡಾಕ ಬರ್ಲಿಲ್ಲ. ಅವನ್ನ ಒಪ್ಪಿಸಾಕ ನಾವು ಹೋಗಿಲ್ಲ. ಹಂಗಽ ಹುಡುಗನ ಅವ್ವ ಅಕ್ಕತಂಗೇರ ಮ್ಯಾಲ ಗ್ರೂಪಿನ್ಯಾಗ ಹೊಲಸ ಬರದಾವ್ರನ್ನ ತಗದು ಹಾಕಿದ್ವಿ, ಆ ಹೆಣ್ಮಕ್ಕಳು ಏನು ಮಾಡ್ಯಾರ?

ಎಲ್ಲಾ ತಾರೀಖು ಹಾಕಿ ಬರದು, ಸಹಿ ಮಾಡಿಸಿ ಇಟ್ಕೋರಿ, ಯಾವತ್ತು ಮತ್ತ ನೋಡ್ತೀವಿ ಅನ್ನೂದೂ ಬರೀರಿ. ನಮ್ಮ ಹುಡುಗ ಈ ಸೀಸನ್ನಿಗೆ ಟೀಮಿನ್ಯಾಗ ಅದಾನ, ಬ್ಯಾನರಿನ್ಯಾಗ ಇಲ್ಲ. ಎತ್ತು ಇನ್ನೂ ಕಾಕಾನ ಕೊಟ್ಟಿಗ್ಯಾಗಽ ಐತಿ, ಈ ಕಾರಹುಣ್ಣಿಮಿಗೆ ಕೋಡಿಗೆ ಬಣ್ಣ ಹಚ್ಚಿದ್ದು ಕಾಕಾನಽ, ಹುಡುಗ ಹೊರಗ ನಿಂತು ನೋಡ್ದ. ವಾಪಸ್ ಕೊಡೂ ಮಾತು ಇನ್ನೆರಡು ವರ್ಷ ಆದ ಮ್ಯಾಲ, ಅದೂ ಡಾಕ್ಟ್ರು ಬಂದು ಎತ್ತಿನ ಎದುರಿಗೆ ಅವನ್ನ ನಿಂದ್ರಿಸಿ ನೋಡಿದ ಮ್ಯಾಲ.